ತಲೆ ಎಣಿಸುವ ಲೆಕ್ಕ, ಗಂಟೆ ಎಣಿಸುವ ಲೆಕ್ಕ

ಬೆಂಗಳೂರಿನ ಸಿವಿಲ್ ವಕೀಲರಿಗೆ ನ್ಯಾಯಾಧೀಶರ ಹೆಸರಿಗಿಂತ ಕೋರ್ಟ್ ಹಾಲ್‌ನ ನಂಬರು ಬೇಗ ನೆನಪಿಗೆ ಬರುತ್ತದೆ. ಕೆಂಪೇಗೌಡ ರಸ್ತೆಯ ಸಿವಿಲ್ ಕೋರ್ಟ್ ಸಂಕೀರ್ಣದಲ್ಲಿ ‘ಸಿಸಿಎಚ್’ ಎಂದು ಹೇಳಿ ಮುಂದೆ ಒಂದು ಅಂಕಿ ಸೇರಿಸಿದರೆ ಸಾಕು, ಕಕ್ಷಿದಾರ ಯಾವ ಮಹಡಿಗೆ ಹತ್ತಬೇಕು ಎಂಬುದು ತಿಳಿಯುತ್ತದೆ. ನ್ಯಾಯಾಧೀಶರು ವರ್ಗವಾಗಿ ಹೋಗುತ್ತಾರೆ, ನಂಬರು ಉಳಿಯುತ್ತದೆ. ಈ ಸರಣಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇದೆ. ಆದರೆ ಅದು ಇಷ್ಟಕ್ಕೇ ಏಕೆ ನಿಂತಿದೆ, ಇದರ ಎರಡರಷ್ಟು ಏಕೆ ಆಗಿಲ್ಲ, ಅರ್ಧಕ್ಕೇ ಏಕೆ ನಿಲ್ಲಲಿಲ್ಲ ಎಂದು ಕೇಳಿದರೆ ಕಾರಣ ಕೊಡುವ ಒಂದೇ ಒಂದು ಕಾಗದ ಸಿಗುವುದು ಕಷ್ಟ. ಒಂದು ಊರಿಗೆ ಎಷ್ಟು ನ್ಯಾಯಾಧೀಶರು ಬೇಕು ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಸುಮಾರು ಒಂದೂವರೆ ಶತಮಾನದಿಂದ ಕೇಳುತ್ತಲೇ ಬಂದಿದ್ದೇವೆ. ಉತ್ತರ ಮಾತ್ರ ಪ್ರತಿಸಲವೂ ಬೇರೆ ಯಾವುದೋ ಲೆಕ್ಕದಿಂದ ಬಂದಿದೆ: ಒಮ್ಮೆ ತಾಲ್ಲೂಕುಗಳ ಸಂಖ್ಯೆಯಿಂದ, ಒಮ್ಮೆ ಖಜಾನೆಯ ಸ್ಥಿತಿಯಿಂದ, ಒಮ್ಮೆ ಜನಗಣತಿಯಿಂದ. ವ್ಯಾಜ್ಯವೊಂದು ನ್ಯಾಯಾಧೀಶರ ಎಷ್ಟು ಹೊತ್ತನ್ನು ತಿನ್ನುತ್ತದೆ ಎಂಬ ನೇರ ಲೆಕ್ಕದಿಂದ ಬಂದದ್ದು ತೀರಾ ಕಡಿಮೆ. ಅಲ್ಲಿಂದಲೇ ಬರಬೇಕು ಎಂಬುದು ನನ್ನ ವಾದ. ಅದಕ್ಕೆ ಆಧಾರ ಈ ಊರಿನ ಹಳೆಯ ಬಡಾವಣೆಗಳ ವ್ಯಾಜ್ಯಗಳಲ್ಲೇ ಇದೆ.

ಮೈಸೂರಿನಲ್ಲಿ ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯ ಮೊದಲ ದಶಕಗಳಲ್ಲಿ, ಅಂದರೆ ಮಾರ್ಕ್ ಕಬ್ಬನ್ ಕಾಲದಲ್ಲಿ, ಈ ಪ್ರಶ್ನೆಯೇ ಹುಟ್ಟುವಂತಿರಲಿಲ್ಲ. ತಾಲ್ಲೂಕಿಗೊಬ್ಬ ಅಮಲ್ದಾರ, ಅವನಿಗೊಂದು ಕಚೇರಿ. ಕಂದಾಯ ವಸೂಲಿ ಆದ ಕಚೇರಿಯಲ್ಲೇ ಸಾಲದ ತಕರಾರೂ ಇತ್ಯರ್ಥವಾಗುತ್ತಿತ್ತು. ಮೇಲೆ ನಾಲ್ಕು ವಿಭಾಗಗಳ ಸೂಪರಿಂಟೆಂಡೆಂಟರು, ಬೆಂಗಳೂರಿನಲ್ಲಿ ಹುಜೂರ್ ಅದಾಲತ್ತು. ಎಷ್ಟು ನ್ಯಾಯಾಲಯ ಬೇಕು ಎಂಬುದನ್ನು ಕಂದಾಯದ ಭೂಪಟವೇ ತೀರ್ಮಾನಿಸಿಬಿಟ್ಟಿತ್ತು. 1856ರಲ್ಲಿ ಹುಜೂರ್ ಅದಾಲತ್ತಿನ ಬದಲು ಜುಡಿಷಿಯಲ್ ಕಮಿಷನರ್ ಎಂಬ ಒಬ್ಬ ಅಧಿಕಾರಿ ಬಂದ. 1868ರ ಹೊತ್ತಿಗೆ ಅಠಾರಾ ಕಚೇರಿ ಎದ್ದು ನಿಂತಿತು. 1870ರ ದಶಕದಲ್ಲಿ ಸಿವಿಲ್ ವ್ಯಾಜ್ಯಗಳು ಅಮಲ್ದಾರರ ಕೈಯಿಂದ ಮುನ್ಸೀಫರ ಕೈಗೆ ಹೋದವು. ದೊಡ್ಡ ಬದಲಾವಣೆ ಇದೇ. ಕಂದಾಯದ ಕೆಲಸವಿಲ್ಲದ, ಬರೀ ವ್ಯಾಜ್ಯಕ್ಕೆಂದೇ ಸಂಬಳ ಪಡೆಯುವ ಮನುಷ್ಯ ಬಂದ ಮೇಲೆ ‘ಇವನಿಗೆ ಸಾಕಷ್ಟು ಕೆಲಸ ಇದೆಯೇ’ ಎಂದು ಲೆಕ್ಕ ಇಲಾಖೆ ಕೇಳಲು ಶುರುಮಾಡಿತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟ್ ಸ್ಥಾಪನೆಯಾಯಿತು. ಇಬ್ಬರ ಪೀಠದಲ್ಲಿ ಒಮ್ಮತ ಬಾರದಿದ್ದರೆ ಮೂರನೆಯವರೊಬ್ಬರು ಬೇಕು ಎಂಬಷ್ಟರ ಮಟ್ಟಿಗೆ ಆ ಮೂರಕ್ಕೆ ಒಂದು ತರ್ಕವಿತ್ತು. ಕೆಳಗಿನ ಕೋರ್ಟುಗಳಿಗೆ ಅಷ್ಟೂ ಇರಲಿಲ್ಲ.

ಜನಸಂಖ್ಯೆಯ ಲೆಕ್ಕ ಎಷ್ಟು ಪೊಳ್ಳು ಎಂಬುದಕ್ಕೆ ಆ ಕಾಲದ ಬೆಂಗಳೂರೇ ಸಾಕ್ಷಿ. ಆಗ ಇದು ಒಂದು ಊರಲ್ಲ, ಎರಡು. 1901ರ ಜನಗಣತಿಯಲ್ಲಿ ಮೈಸೂರು ಸರ್ಕಾರದ ಕೈಯಲ್ಲಿದ್ದ ಸಿಟಿಯಲ್ಲಿ 69,447 ಮಂದಿ, ಬ್ರಿಟಿಷರ ಆಡಳಿತದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನಲ್ಲಿ 89,599 ಮಂದಿ. ಚಾಮರಾಜಪೇಟೆಯವರ ದಾವೆ ಮೈಸೂರಿನ ಕಾನೂನಿನಡಿ ಮೈಸೂರಿನ ಕೋರ್ಟಿಗೆ. ಒಂದೆರಡು ಮೈಲಿ ಆಚೆ ದಂಡಿನವರ ದಾವೆ ರೆಸಿಡೆಂಟರ ಅಧೀನದ ಕೋರ್ಟಿಗೆ. ಎರಡು ಕಡೆಯೂ ಪೂರ್ತಿ ಸಿಬ್ಬಂದಿ, ಪೂರ್ತಿ ಮೇಲ್ಮನವಿಯ ಏಣಿ. ಹೀಗೆ ಕೋರ್ಟುಗಳ ಸಂಖ್ಯೆ ನಿರ್ಧಾರವಾದದ್ದು ಸಾರ್ವಭೌಮತ್ವದ ಗಡಿಯಿಂದ. 1947ರ ಜುಲೈನಲ್ಲಿ ದಂಡು ಪ್ರದೇಶ ಮೈಸೂರಿಗೆ ವಾಪಸಾದ ಮೇಲೂ ಆ ಗುರುತು ಪೂರ್ತಿ ಅಳಿಸಿಲ್ಲ. ನಗರ ಸಿವಿಲ್ ನ್ಯಾಯಾಲಯದ ಒಂದು ಘಟಕ ಇವತ್ತಿಗೂ ಮೇಯೋ ಹಾಲ್‌ನಲ್ಲಿದೆ.

ಇನ್ನು ಹಳೇ ಬಡಾವಣೆಗಳ ವಿಷಯ. ಚಾಮರಾಜಪೇಟೆ 1892ರದು, ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಮಕ್ಕಳು. ವಿಶಾಲ ನಿವೇಶನ, ಮುಂದೆ ಅಂಗಳ, ಹಿಂದೆ ಬಾವಿ, ಒಂದೇ ಖಾತೆಯಲ್ಲಿ ಇಡೀ ಅವಿಭಕ್ತ ಕುಟುಂಬ. ಇಲ್ಲಿಯ ಜನಸಂಖ್ಯೆ ಯಶವಂತಪುರದ ಆಚೆ ಬೆಳೆದ ಹೊಸ ಬೆಂಗಳೂರಿನ ಹಾಗೆ ಹಿಗ್ಗಲಿಲ್ಲ. ಹಿಗ್ಗಿದ್ದು ನಿವೇಶನದ ಬೆಲೆ ಮತ್ತು ವಾರಸುದಾರರ ಪಟ್ಟಿ. ಕಾನೂನೂ ಅದಕ್ಕೆ ಜೊತೆಗೂಡಿತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದು, ಆಸ್ತಿ ವಿಭಾಗವಾಗುವಾಗ ತಾಯಿಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಕೆಲವು ಸಂದರ್ಭಗಳಲ್ಲಿ ಪಾಲು ಕೊಟ್ಟಿತ್ತು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಮಗಳನ್ನು ಮಗನ ಸಮಕ್ಕೆ ನಿಲ್ಲಿಸಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವಳನ್ನು ಹೊರಗಿಟ್ಟಿತು. ಹಾಗಾಗಿ ಮದುವೆಯ ತಾರೀಖೇ ಸಾಕ್ಷ್ಯದ ವಸ್ತುವಾಯಿತು. 2005ರ ಕೇಂದ್ರ ತಿದ್ದುಪಡಿ ಆ ಹೊರಗಿಡುವಿಕೆಯನ್ನು ತೆಗೆಯಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೆ ಮಗಳಿಗೆ ಪಾಲು ಉಂಟೇ ಎಂಬ ತಕರಾರು ಹದಿನೈದು ವರ್ಷ ಎಳೆದು, 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ‘ಉಂಟು’ ಎಂದಿತು. ಪ್ರತಿಯೊಂದು ಹೆಜ್ಜೆಯೂ ನ್ಯಾಯವಾದದ್ದೇ. ಪ್ರತಿಯೊಂದು ಹೆಜ್ಜೆಗೂ ಪಾಲು ವಿಭಾಗದ ದಾವೆಗಳು ಹುಟ್ಟಿದವು, ಇದ್ದ ದಾವೆಗಳಲ್ಲಿ ಹೊಸ ಪ್ರತಿವಾದಿಗಳು ಸೇರಿದರು. ಒಂದು ಪಾಲಿನ ದಾವೆಗೆ ಎಷ್ಟು ಹೊತ್ತು ಬೇಕು? ವಂಶವೃಕ್ಷ ರುಜುವಾತಾಗಬೇಕು, ಅಮೆರಿಕದಲ್ಲಿರುವ ಮಗನಿಗೆ ಸಮನ್ಸ್ ಜಾರಿಯಾಗಬೇಕು, ಉಯಿಲು ಹಾಜರಾದರೆ ಅದಕ್ಕೆ ಸಹಿ ಹಾಕಿದ ಸಾಕ್ಷಿಯನ್ನು ಕರೆಸಬೇಕು. ಪ್ರಾಥಮಿಕ ಡಿಕ್ರಿ ಆದ ಮೇಲೆ ಅಂತಿಮ ಡಿಕ್ರಿಯ ವಿಚಾರಣೆ, ಕೋರ್ಟ್ ಕಮಿಷನರ್ ಬಂದು ಅಳೆಯುವುದು, ನಲವತ್ತು ಅಡಿ ಅಗಲದ ಮನೆಯನ್ನು ಏಳು ಪಾಲು ಮಾಡಲಾಗದೆ ಹರಾಜಿಗೆ ಹೋಗುವುದು. ಇದಕ್ಕೂ ಪ್ರತಿವಾದಿಯೇ ಬಾರದ ಸಾಲ ವಸೂಲಿ ದಾವೆಗೂ ರಿಜಿಸ್ಟರಿನಲ್ಲಿ ಒಂದೊಂದೇ ನಂಬರು.

ಇದರ ಮೇಲೆ 1979ರ ಬೆಂಗಳೂರು ನಗರ ಸಿವಿಲ್ ನ್ಯಾಯಾಲಯ ಕಾಯ್ದೆ ಬಂತು. ಅದುವರೆಗೆ ದಾವೆಯ ಬೆಲೆ ನೋಡಿ ಮುನ್ಸೀಫ್, ಸಿವಿಲ್ ಜಡ್ಜ್, ಜಿಲ್ಲಾ ಜಡ್ಜ್ ಎಂದು ಹಂಚಿಕೆಯಾಗುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಲಘು ವ್ಯಾಜ್ಯಗಳನ್ನು ಬಿಟ್ಟು ನಗರದ ಅಸಲು ದಾವೆಗಳೆಲ್ಲ ಜಿಲ್ಲಾ ನ್ಯಾಯಾಧೀಶರ ದರ್ಜೆಯವರ ಮುಂದೆ ಹೋಗತೊಡಗಿದವು. ಮೊದಲ ಮೇಲ್ಮನವಿ ನೇರ ಹೈಕೋರ್ಟಿಗೆ. ಹಂತ ಕಡಿಮೆಯಾದರೆ ಕಾಲ ಉಳಿಯುತ್ತದೆ ಎಂಬ ಎಣಿಕೆ ಇದರ ಹಿಂದಿರಬೇಕು. ಪರಿಣಾಮ ಏನೆಂದರೆ ರಾಮನಗರದಲ್ಲಿ ಕಿರಿಯ ಸಿವಿಲ್ ನ್ಯಾಯಾಧೀಶರು ಕೇಳುವ ಕಾಂಪೌಂಡ್ ಗೋಡೆಯ ತಕರಾರನ್ನು ಮಲ್ಲೇಶ್ವರದಲ್ಲಾದರೆ ಇಪ್ಪತ್ತು ವರ್ಷ ಸೇವೆಯ ಹಿರಿಯರೊಬ್ಬರು ಕೇಳಬಹುದು. ಎರಡೂ ಕಡೆ ‘ಒಬ್ಬ ನ್ಯಾಯಾಧೀಶ’ ಎಂದು ಎಣಿಸಿದಾಗ ನಾವು ಒಂದೇ ವಸ್ತುವನ್ನು ಎಣಿಸುತ್ತಿಲ್ಲ.

ತಲೆ ಎಣಿಸುವ ಲೆಕ್ಕಕ್ಕೆ ಅಧಿಕೃತ ಮುದ್ರೆ ಬಿದ್ದದ್ದು 1987ರಲ್ಲಿ. ನ್ಯಾಯಮೂರ್ತಿ ಡಿ.ಎ. ದೇಸಾಯಿ ಅಧ್ಯಕ್ಷರಾಗಿದ್ದ ಕಾನೂನು ಆಯೋಗ ತನ್ನ 120ನೇ ವರದಿಯಲ್ಲಿ ಭಾರತದಲ್ಲಿ 10 ಲಕ್ಷ ಜನರಿಗೆ 10.5 ನ್ಯಾಯಾಧೀಶರಿದ್ದಾರೆ ಎಂದು ತೋರಿಸಿತು. ಇಂಗ್ಲೆಂಡಿನಲ್ಲಿ 50.9, ಕೆನಡಾದಲ್ಲಿ 75.2, ಅಮೆರಿಕದಲ್ಲಿ 107. ಐದು ವರ್ಷದಲ್ಲಿ 50ಕ್ಕೆ ಏರಿಸಿ ಎಂದು ಶಿಫಾರಸು ಮಾಡಿತು. ಕನ್ನಡಿಗರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ವೇತನ ಆಯೋಗದ ವರದಿಯ ಮೇಲೆ 2002ರ ಮಾರ್ಚಿನಲ್ಲಿ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಇದೇ 50ನ್ನು ಎತ್ತಿಕೊಂಡು ಮತ್ತೆ ಐದು ವರ್ಷದ ಗಡುವು ಹಾಕಿತು. ಆ ಗಡುವು ಮೀರಿ ಕಾಲ ಎಷ್ಟೋ ಸರಿದಿದೆ. ಲೆಕ್ಕ ಹಾಕಿ ನೋಡಿ: 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 6.11 ಕೋಟಿ ಜನ. 50ರ ದರದಲ್ಲಿ 3,055 ನ್ಯಾಯಾಧೀಶರು ಬೇಕು. ಈಚಿನ ವರ್ಷಗಳಲ್ಲಿ ರಾಜ್ಯದ ವಿಚಾರಣಾ ನ್ಯಾಯಾಲಯಗಳಿಗೆ ಮಂಜೂರಾದ ಹುದ್ದೆ ಸುಮಾರು 1,350ರ ಆಸುಪಾಸು, ಅದರಲ್ಲೂ ಖಾಲಿ ಬಿದ್ದವು ಬೇರೆ. ಬೆಂಗಳೂರು ನಗರ ಜಿಲ್ಲೆಯ 96 ಲಕ್ಷ ಜನಕ್ಕೆ ಇದೇ ದರದಲ್ಲಿ 481 ಬೇಕಾಗುತ್ತದೆ.

ಆದರೆ ಈ 481 ಎಂಬುದಕ್ಕೆ ಏನು ಅರ್ಥ? ಊರಿನ ಜನಸಂಖ್ಯೆ ನೋಡಿ ಮದುವೆ ಮನೆಗೆ ಅಕ್ಕಿ ಅಳೆದಂತೆ ಇದು. ಬೀದರ್ ಜಿಲ್ಲೆಯ 10 ಲಕ್ಷ ಮಂದಿಯೂ ಬೆಂಗಳೂರಿನ 10 ಲಕ್ಷ ಮಂದಿಯೂ ಒಂದೇ ಪ್ರಮಾಣದಲ್ಲಿ ಕೋರ್ಟಿಗೆ ಹೋಗುವುದಿಲ್ಲ. ಬ್ಯಾಂಕು, ಫೈನಾನ್ಸ್ ಕಂಪನಿ, ಬಿಡಿಎ, ಬಿಲ್ಡರ್, ದಿನವೂ ಅಪಘಾತವಾಗುವ ರಸ್ತೆಗಳು ಇರುವಲ್ಲಿ ವ್ಯಾಜ್ಯ ಹೆಚ್ಚು. ಅಂಥವು ಇಲ್ಲದಲ್ಲಿ ಕಡಿಮೆ. ಅದು ಆ ಜನ ಸಮಾಧಾನಿಗಳು ಎಂಬ ಕಾರಣಕ್ಕಲ್ಲ, ಕೋರ್ಟು ದೂರ, ದುಬಾರಿ ಎಂಬ ಕಾರಣಕ್ಕೂ ಇರಬಹುದು. ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗವೇ 2014ರ ತನ್ನ 245ನೇ ವರದಿಯಲ್ಲಿ ಹಳೆಯ ಮಾನದಂಡವನ್ನು ಕೈಬಿಟ್ಟಿತು. ಇಮ್ತಿಯಾಜ್ ಅಹ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೇಳಿದ್ದಕ್ಕೆ ಬಂದ ಉತ್ತರ ಅದು. ಸಮಯದ ಲೆಕ್ಕವೇ ಉತ್ತಮ, ಆದರೆ ಅದಕ್ಕೆ ಬೇಕಾದ ಮಾಹಿತಿ ಭಾರತದಲ್ಲಿಲ್ಲ ಎಂದು ಹೇಳಿ, ಈಗಿರುವ ನ್ಯಾಯಾಧೀಶರು ವರ್ಷಕ್ಕೆ ಎಷ್ಟು ಕೇಸು ಮುಗಿಸುತ್ತಾರೆ ಎಂಬ ದರದ ಮೇಲೆ ಲೆಕ್ಕ ಹಾಕಿತು. ಅದರಲ್ಲೂ ಕೊರತೆ ಕಂಡು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟುಗಳು ಈಗಾಗಲೇ ಬಳಸುತ್ತಿದ್ದ ‘ಯೂನಿಟ್’ ಪದ್ಧತಿಯನ್ನು ಆಧರಿಸಿ ಕೇಸುಗಳಿಗೆ ತೂಕ ಕೊಟ್ಟು ಲೆಕ್ಕ ಮಾಡಿ, ಇದು ಸದ್ಯದ ಮಟ್ಟಿಗೆ ಎಂದಿತು. ಆ ‘ಸದ್ಯ’ ಇನ್ನೂ ಮುಗಿದ ಹಾಗಿಲ್ಲ.

ತೂಕದ ಲೆಕ್ಕ ಹೊಸದೇನಲ್ಲ. ಅಮೆರಿಕದ ಫೆಡರಲ್ ವಿಚಾರಣಾ ನ್ಯಾಯಾಲಯಗಳು ದಶಕಗಳಿಂದ ಅದನ್ನೇ ಮಾಡುತ್ತಿವೆ. ಸಾಧಾರಣ ಕೇಸಿಗೆ ಒಂದು ತೂಕ. ಅವರ 2004ರ ಪಟ್ಟಿಯಲ್ಲಿ ಬಾಕಿ ಶಿಕ್ಷಣ ಸಾಲ ವಸೂಲಿಯಂಥ ಕೇಸಿಗೆ 0.10, ಮರಣದಂಡನೆಯನ್ನು ಪ್ರಶ್ನಿಸುವ ಹೇಬಿಯಸ್ ಅರ್ಜಿಗೆ 12.89. ಒಬ್ಬ ನ್ಯಾಯಾಧೀಶರ ಪಾಲಿಗೆ ವರ್ಷಕ್ಕೆ 430ಕ್ಕಿಂತ ಹೆಚ್ಚು ತೂಕದ ಕೇಸು ಬಂದರೆ ಹೊಸ ಹುದ್ದೆ ಕೇಳಲು ಅಲ್ಲಿಯ ನ್ಯಾಯಾಂಗ ಸಮ್ಮೇಳನ ಆ ಅಂಕಿಯಿಂದ ಹೊರಡುತ್ತದೆ. ಇಷ್ಟೆಲ್ಲ ಅಚ್ಚುಕಟ್ಟಾದ ಗಣಿತ ಇದ್ದೂ 1990ರ ಬಳಿಕ ಅಲ್ಲಿ ಸಮಗ್ರವಾಗಿ ಹುದ್ದೆ ಹೆಚ್ಚಿಸುವ ಕಾಯ್ದೆ ಬಂದಿಲ್ಲ. 66 ಹುದ್ದೆಗಳ ಮಸೂದೆ ಎರಡೂ ಸದನ ದಾಟಿ ಬಂದಾಗ ಅಧ್ಯಕ್ಷ ಬೈಡನ್ 2024ರ ಡಿಸೆಂಬರಿನಲ್ಲಿ ಅದನ್ನು ತಡೆಹಿಡಿದರು. ಹಾಗಾದರೆ ಗಣಿತದಿಂದ ಏನು ಬಂತು ಎಂದು ಕೇಳಬಹುದು. ಅಲ್ಲಿ ಜಗಳ ನಡೆದದ್ದು ಹೊಸ ನ್ಯಾಯಾಧೀಶರನ್ನು ಯಾವ ಅಧ್ಯಕ್ಷ ನೇಮಿಸಬೇಕು ಎಂಬುದರ ಮೇಲೆ; ಹುದ್ದೆ ಬೇಕೇ ಬೇಡವೇ ಎಂಬ ಮೂಲ ಪ್ರಶ್ನೆ ಅಷ್ಟಾಗಿ ವಿವಾದಕ್ಕೆ ಬರಲಿಲ್ಲ. ನಮ್ಮಲ್ಲಿ ಇನ್ನೂ ಆ ಮೂಲ ಪ್ರಶ್ನೆಯಲ್ಲೇ ಹೈಕೋರ್ಟಿನ ಪತ್ರವೂ ಹಣಕಾಸು ಇಲಾಖೆಯ ಷರಾವೂ ಎದುರುಬದುರು ಕೂತಿವೆ.

ತೂಕವಿಲ್ಲದೆ ಬರೀ ಕೇಸುಗಳ ಸಂಖ್ಯೆ ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಬಾಡಿಗೆ ವ್ಯಾಜ್ಯಗಳ ಕಥೆ ನೋಡಬೇಕು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಗಾಂಧಿ ಬಜಾರಿನಿಂದ ಸಂಪಿಗೆ ರಸ್ತೆಯವರೆಗೆ ಮನೆ ಮಾಲೀಕ-ಬಾಡಿಗೆದಾರರ ಜಗಳಗಳೆಲ್ಲ ‘ಎಚ್‌ಆರ್‌ಸಿ’ ಎಂಬ ಹೆಸರಿನಲ್ಲಿ ಲಘು ವ್ಯಾಜ್ಯಗಳ ನ್ಯಾಯಾಲಯವನ್ನು ತುಂಬಿದ್ದವು. 1999ರ ಬಾಡಿಗೆ ಕಾಯ್ದೆ 2001ರ ಕೊನೆಯ ದಿನ ಜಾರಿಗೆ ಬಂದಾಗ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳು, 14 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಅದರ ವ್ಯಾಪ್ತಿಯಿಂದ ಹೊರಬಿದ್ದವು. ಅವುಗಳ ಬಾಕಿ ಅರ್ಜಿಗಳು ಕಾನೂನಿನ ಬಲದಿಂದಲೇ ರದ್ದಾದವು. ಒಬ್ಬರೇ ಒಬ್ಬ ನ್ಯಾಯಾಧೀಶರು ಒಂದು ಗಂಟೆಯೂ ಕೆಲಸ ಮಾಡದೆ ಬಾಕಿ ಇಳಿಯಿತು. ಜಗಳ ಮಾತ್ರ ಮುಗಿದಿರಲಿಲ್ಲ. ಅದೇ ಮಾಲೀಕರು ಸ್ವಾಧೀನ ಬಿಡಿಸಿಕೊಳ್ಳಲು ಬೇರೆ ದಾವೆ ಹೂಡಬೇಕಾಯಿತು. ಇದರ ಉಲ್ಟಾ ನಡೆದದ್ದು ಚೆಕ್ ಬೌನ್ಸ್ ವಿಷಯದಲ್ಲಿ. 1989ರ ಏಪ್ರಿಲ್ 1ರಿಂದ ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ವಾಪಸಾಗುವುದು ಅಪರಾಧವಾಯಿತು. ಕಾಯ್ದೆ ಮಾಡಿದ್ದು ಸಂಸತ್ತು, ಅನುಕೂಲ ಬ್ಯಾಂಕುಗಳಿಗೂ ವ್ಯಾಪಾರಿಗಳಿಗೂ, ಕೇಸು ಬಿದ್ದದ್ದು ಬೆಂಗಳೂರಿನ ಮ್ಯಾಜಿಸ್ಟ್ರೇಟರ ಮೇಲೆ, ಸಂಬಳ ಕೊಡಬೇಕಾದ್ದು ರಾಜ್ಯ ಸರ್ಕಾರ. ಹೊಸ ಕಾನೂನು ಮಾಡುವಾಗಲೇ ಅದು ಕೋರ್ಟುಗಳ ಮೇಲೆ ಹೇರುವ ಹೊರೆಯನ್ನು ಅಂದಾಜು ಮಾಡಬೇಕೆಂದು ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ಅವರ ಕಾರ್ಯಪಡೆ 2008ರಲ್ಲೇ ಹೇಳಿತು. ಆಮೇಲೂ ಪೋಕ್ಸೊ ಬಂತು, ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂತು. 2018ರಲ್ಲಿ ಅದರ ಮಿತಿ 1 ಕೋಟಿ ರೂಪಾಯಿಯಿಂದ 3 ಲಕ್ಷಕ್ಕೆ ಇಳಿಯಿತು. ಎಷ್ಟೋ ಸಲ ‘ವಿಶೇಷ ನ್ಯಾಯಾಲಯ’ ಎಂದರೆ ಇದ್ದ ಹಾಲ್‌ಗೆ ಹೊಸ ಬೋರ್ಡು, ಅಷ್ಟೆ.

ಈಗ ಆಕ್ಷೇಪಗಳು. ತಲೆ ಲೆಕ್ಕ ಒರಟಾಗಿದ್ದರೂ ಅದಕ್ಕೊಂದು ರಾಜಕೀಯ ಶಕ್ತಿಯಿದೆ, ‘10 ಲಕ್ಷಕ್ಕೆ 50’ ಎಂಬುದನ್ನು ಯಾವ ಮಂತ್ರಿಯೂ ಅರ್ಥವಾಗಲಿಲ್ಲ ಎನ್ನಲಾರ ಎಂಬುದು ಒಂದು. ನಿಜ. 2016ರ ಏಪ್ರಿಲಿನಲ್ಲಿ ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಪ್ರಧಾನಿಯ ಎದುರು ಕಣ್ಣೀರು ಹಾಕಿ ಹೇಳಿದ್ದೂ 1987ರ ಆ ಶಿಫಾರಸನ್ನೇ. ಆದರೆ ಸರಳ ಅಂಕಿಗೆ ಸರಳ ನಿರಾಕರಣೆಯೂ ಸಿಗುತ್ತದೆ. 3,055ಕ್ಕೆ ಹಣವಿಲ್ಲ ಎಂದು ಒಂದು ಸಾಲಿನಲ್ಲಿ ಬರೆದರೆ ಕಡತ ಮುಗಿಯಿತು. ಬೆಂಗಳೂರಿನ ಬಾಕಿ ಅಂತಿಮ ಡಿಕ್ರಿ ಅರ್ಜಿಗಳಿಗೆ ಇಷ್ಟು ಸಾವಿರ ಗಂಟೆ ಬೇಕು, ಇರುವವರ ಬಳಿ ಇಷ್ಟೇ ಗಂಟೆ ಇದೆ ಎಂದು ತೋರಿಸಿದರೆ, ನಿರಾಕರಿಸುವವರು ಯಾವ ಕೇಸನ್ನು ಬಿಡಬೇಕೆಂದು ಹೇಳಬೇಕಾಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ, ಕೋರ್ಟಿಗೆ ಅಲೆದವರೆಲ್ಲ ಆಡುವುದೂ ಅದನ್ನೇ: ತಡವಾಗುವುದು ನ್ಯಾಯಾಧೀಶರ ಕೊರತೆಯಿಂದಲ್ಲ, ವಾಯಿದೆಯಿಂದ. ವಕೀಲರು ಮುಂದೂಡಿಸುತ್ತಾರೆ, ಸಾಕ್ಷಿ ಬರುವುದಿಲ್ಲ, ಮೇಲಿನ ಕೋರ್ಟ್ ತಡೆಯಾಜ್ಞೆ ಕೊಡುತ್ತದೆ. ನ್ಯಾಯಾಧೀಶರನ್ನು ಹೆಚ್ಚಿಸಿದರೆ ವಾಯಿದೆ ಕೊಡುವವರು ಹೆಚ್ಚುತ್ತಾರೆ, ಅಷ್ಟೆ. ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೂಡದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 2002ರಿಂದ ಇದೆ. ಪಾಲನೆ ಹೇಗಿದೆ ಎಂಬುದು ಎಲ್ಲರಿಗೂ ಗೊತ್ತು. ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಇನ್ನರ್ಧವನ್ನು ಕಾಸ್ ಲಿಸ್ಟೇ ಹೇಳುತ್ತದೆ. ದಿನಕ್ಕೆ ಐದೂವರೆ ಗಂಟೆಯ ಕಲಾಪ, ಪಟ್ಟಿಯಲ್ಲಿ ನೂರು ಕೇಸು ಎಂದಿಟ್ಟುಕೊಳ್ಳಿ: ಒಂದಕ್ಕೆ ಮೂರು ನಿಮಿಷ ಹದಿನೆಂಟು ಸೆಕೆಂಡು. ಆ ಪಟ್ಟಿ ಪೂರ್ತಿ ವಿಚಾರಣೆಯಾಗುತ್ತದೆ ಎಂದು ಅದನ್ನು ಟೈಪ್ ಮಾಡಿದ ಗುಮಾಸ್ತರೂ ನಂಬುವುದಿಲ್ಲ. ತನ್ನ ಕೇಸು ಇವತ್ತು ಬರುವುದಿಲ್ಲವೆಂದು ಗೊತ್ತಿರುವ ವಕೀಲ ಮೇಯೋ ಹಾಲ್‌ಗೆ ಹೋಗಿಬಿಡುತ್ತಾನೆ. ಅಕಸ್ಮಾತ್ ಬಂದರೆ ಅವನ ಜೂನಿಯರ್ ವಾಯಿದೆ ಕೇಳುತ್ತಾನೆ. ಹೀಗೆ ಕೊರತೆಯೇ ವಾಯಿದೆಯನ್ನು ಹುಟ್ಟಿಸುತ್ತದೆ, ವಾಯಿದೆಯನ್ನು ತೋರಿಸಿ ಕೊರತೆಯೇ ಇಲ್ಲ ಎನ್ನಲಾಗುತ್ತದೆ. ಸಮಯ ಅಳೆದರೆ ಈ ಎರಡನ್ನೂ ಬಿಡಿಸಿ ನೋಡಬಹುದು. ಕಲಾಪದ ಎಷ್ಟು ಹೊತ್ತು ಬರೀ ತಾರೀಖು ಕೊಡುವುದರಲ್ಲಿ ಹೋಯಿತು, ಎಷ್ಟು ಹೊತ್ತು ಸಾಕ್ಷ್ಯ ಕೇಳುವುದರಲ್ಲಿ ಎಂದು ಗೊತ್ತಾದರೆ, ವಾಯಿದೆ ಕಡಿತದಿಂದ ಎಷ್ಟು ನ್ಯಾಯಾಧೀಶರ ಕೆಲಸ ಉಳಿಯುತ್ತದೆ ಎಂಬುದೂ ಗೊತ್ತಾಗುತ್ತದೆ.

ಮೂರನೆಯದು ಯೂನಿಟ್ಟಿನ ಮೇಲಿನದು. ತೂಕ ಕಟ್ಟಿದ ಕೂಡಲೇ ನ್ಯಾಯಾಧೀಶರು ತೂಕದ ಹಿಂದೆ ಬೀಳುತ್ತಾರೆ; ಬೇಗ ಮುಗಿಯುವ, ಹೆಚ್ಚು ಯೂನಿಟ್ ಕೊಡುವ ಕೇಸು ಮುಂದೆ ಬರುತ್ತದೆ, ಹಳೆಯ ಪಾಲಿನ ದಾವೆ ಕಪಾಟಿನಲ್ಲಿ ಉಳಿಯುತ್ತದೆ. ಇದನ್ನು ನಾನು ಒಪ್ಪುತ್ತೇನೆ. ಆದರೆ ದೋಷ ತೂಕದಲ್ಲಿಲ್ಲ, ಒಂದೇ ತೂಕವನ್ನು ಎರಡು ಕೆಲಸಕ್ಕೆ ಬಳಸುವುದರಲ್ಲಿದೆ. ಯೂನಿಟ್ ಪದ್ಧತಿ ಹುಟ್ಟಿದ್ದೇ ನ್ಯಾಯಾಧೀಶರ ಬಡ್ತಿಗೆ, ಗುಪ್ತ ವರದಿಗೆ ಅಂಕ ಹಾಕಲು. ಹುದ್ದೆಗಳ ಅಗತ್ಯ ಅಳೆಯಲು ಅದನ್ನೇ ಎರವಲು ತಂದದ್ದು ಬೇರೆ ಏನೂ ಕೈಗೆ ಸಿಗದ್ದರಿಂದ. ಅಮೆರಿಕದ ತೂಕಗಳು ಯಾವ ನ್ಯಾಯಾಧೀಶರ ಸಾಮರ್ಥ್ಯಕ್ಕೂ ಅಂಕ ಹಾಕುವುದಿಲ್ಲ. ಕೇಸಿನ ಜಾತಿಗೆ ಎಷ್ಟು ಹೊತ್ತು ಎಂಬುದನ್ನಷ್ಟೇ ಹೇಳುತ್ತವೆ. ಎರಡನ್ನೂ ಬೇರ್ಪಡಿಸಿದರೆ ಸುಳ್ಳು ಲೆಕ್ಕ ಬರೆಯುವ ಆಸೆಯೂ ತಗ್ಗುತ್ತದೆ.

ನ್ಯಾಯಾಧೀಶರ ಸಂಖ್ಯೆಯೊಂದೇ ಸಾಕಾಗದು ಎಂಬುದೂ ನಿಜವೇ. ಸ್ಟೆನೊ ಇಲ್ಲದ ಕೋರ್ಟಿನಲ್ಲಿ ತೀರ್ಪು ಬರೆಯಿಸುವುದು ಹೇಗೆ, ಅಮೀನರಿಲ್ಲದೆ ಸಮನ್ಸ್ ಜಾರಿ ಹೇಗೆ? ಹನ್ನೊಂದನೇ ಹಣಕಾಸು ಆಯೋಗದ ದುಡ್ಡಿನಲ್ಲಿ ದೇಶಾದ್ಯಂತ 1,734 ತ್ವರಿತ ನ್ಯಾಯಾಲಯಗಳಿಗೆ ಒಪ್ಪಿಗೆ ಸಿಕ್ಕಿತ್ತು. 2011ರ ಮಾರ್ಚಿಗೆ ಕೇಂದ್ರದ ನೆರವು ನಿಂತಿತು. ತಾತ್ಕಾಲಿಕ ನ್ಯಾಯಾಧೀಶರು, ಎರವಲು ಸಿಬ್ಬಂದಿ, ಬಾಡಿಗೆಯ ಕಾಲಾವಧಿ. ಅಗತ್ಯವನ್ನು ಅಳೆಯದೆ ಹಣ ಇದ್ದಷ್ಟು ದಿನ ನಡೆಸಿದ ಯೋಜನೆ ಹಣ ಮುಗಿದ ದಿನ ತತ್ತರಿಸುವುದು ಸಹಜ. 2012ರಲ್ಲಿ ಬೃಜ್ ಮೋಹನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಧೀನ ನ್ಯಾಯಾಂಗದಲ್ಲಿ ಶೇ. 10ರಷ್ಟು ಹುದ್ದೆ ಹೆಚ್ಚಿಸಿ ಎಂದಿತು. ಆ 10 ಕೂಡ ಯಾವ ಊರಿನ ಯಾವ ಕೇಸಿನ ಗಂಟೆಯನ್ನೂ ಎಣಿಸಿ ಬಂದದ್ದಲ್ಲ.

245ನೇ ವರದಿ ‘ಮಾಹಿತಿ ಇಲ್ಲ’ ಎಂದು ಕೈಬಿಟ್ಟ ಜಾಗದಿಂದಲೇ ಈಗ ಹೊರಡಬಹುದು. 2015ರಿಂದ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲದಲ್ಲಿ ಪ್ರತಿ ದಾವೆಯ ನಂಬರು, ಹಂತ, ಮುಂದಿನ ತಾರೀಖು ಎಲ್ಲರಿಗೂ ಕಾಣುತ್ತದೆ. ಇಲ್ಲದ್ದು ನಿಮಿಷಗಳು ಮಾತ್ರ. ಆರ್ಡರ್ ಶೀಟಿನಲ್ಲಿ ‘ವಾದಿಯ ಸಾಕ್ಷಿ ಹಾಜರ್, ಪಾಟೀ ಸವಾಲು ಭಾಗಶಃ ಮುಗಿಯಿತು’ ಎಂದು ಬರೆಯುವ ಬೆಂಚ್ ಗುಮಾಸ್ತರು ಎಷ್ಟು ಗಂಟೆಗೆ ಶುರುವಾಯಿತು, ಎಷ್ಟಕ್ಕೆ ನಿಂತಿತು ಎಂಬುದನ್ನೂ ಬರೆದಿಟ್ಟರೆ, ಕೆಂಪೇಗೌಡ ರಸ್ತೆಯಲ್ಲೂ ಮೇಯೋ ಹಾಲ್‌ನಲ್ಲೂ ಒಂದು ವರ್ಷದಲ್ಲಿ ಕೇಸಿನ ಬಗೆಬಗೆಗೂ ತೂಕ ಸಿದ್ಧವಾಗುತ್ತದೆ. ಬಸವನಗುಡಿಯ ಪಾಲಿನ ದಾವೆಗೆ ಎಷ್ಟು, ಚೆಕ್ ಕೇಸಿಗೆ ಎಷ್ಟು, ಅಪಘಾತ ಪರಿಹಾರದ ಅರ್ಜಿಗೆ ಎಷ್ಟು ಎಂದು ಹೇಳಲು ಆಮೇಲೆ ಇಂಗ್ಲೆಂಡಿನ 50.9 ಬೇಕಾಗುವುದಿಲ್ಲ. ಆ ಎರಡು ಕಾಲಂ ಸೇರಿಸಲು ಸಂಸತ್ತಿನ ಕಾಯ್ದೆಯೂ ಬೇಡ, ಹಣಕಾಸು ಇಲಾಖೆಯ ಒಪ್ಪಿಗೆಯೂ ಬೇಡ. ಹೈಕೋರ್ಟಿನ ಒಂದು ಸುತ್ತೋಲೆ ಸಾಕು.